ಮೋರಿಯಿಂದ ಗಲ್ಲಾದವರೆಗೆ

ಕೇಳುಗರಿಗೆ ನಮಸ್ಕಾರ.

ಕರಾವಳಿಯ ಯಾವ ಸನ್ಮಾನ ಸಭೆಗಾದರೂ ಹೋಗಿ ನೋಡಿ. ಮುಂಬಯಿಯಿಂದ ಬಂದ ಉದ್ಯಮಿಯೊಬ್ಬರು ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಮೈಕು ಕೈಗೆ ಬಂದೊಡನೆ ಅವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ನಾನು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವ." ಚಪ್ಪಾಳೆ ಬೀಳುತ್ತದೆ. ಬೀಳಬೇಕಾದದ್ದೇ. ಮುಂದಿನ ವಾಕ್ಯಕ್ಕೆ ಬರುವಾಗ ಅವರು ಸ್ವಂತ ಹೋಟೆಲು ತೆರೆದೂ ಆಗಿರುತ್ತದೆ! ಆ ಎರಡು ವಾಕ್ಯಗಳ ನಡುವೆ ಹತ್ತು ಹದಿನೈದು ವರ್ಷ ಬಿದ್ದುಹೋಗಿರುತ್ತದಲ್ಲ, ಇವತ್ತು ಅದರ ಬಗ್ಗೆ ಒಂದಿಷ್ಟು ಮಾತು.

ಉಡುಪಿ ಇನ್ನೂ ಬೇರೆ ಜಿಲ್ಲೆಯಾಗದ ಕಾಲ ಅದು. ಕಾರ್ಕಳ, ಉಡುಪಿ, ಕುಂದಾಪುರದ ಕಡೆಯ ಹುಡುಗರು ಏಳನೆಯೋ ಎಂಟನೆಯೋ ತರಗತಿಗೆ ಶಾಲೆ ಬಿಟ್ಟು ಮುಂಬಯಿ, ಮದರಾಸಿನ ದಾರಿ ಹಿಡಿಯುತ್ತಿದ್ದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗೇಣಿ ಅಳೆದ ಮೇಲೆ ಮನೆಯಲ್ಲಿ ಉಳಿಯುವ ಅಕ್ಕಿ ಜಡಿಮಳೆಯ ಆಟಿ ತಿಂಗಳವರೆಗೆ ಬರುತ್ತಿರಲಿಲ್ಲ, ಉಣ್ಣುವ ಬಾಯಿಗಳು ಎಂಟೋ ಹತ್ತೋ. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಅದೇ ಕಾನೂನಿನಿಂದ ಗದ್ದೆ ಕಳೆದುಕೊಂಡ ಮನೆಗಳ ಮಕ್ಕಳೂ ಹೋಟೆಲು ಸೇರಿದರು. ಊರಿಗೆ ರಜೆಯಲ್ಲಿ ಬಂದ ಮಾವನೋ ನೆರೆಮನೆಯವರೋ ವಾಪಸು ಹೋಗುವಾಗ ಹುಡುಗನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೊದಲು ಹಡಗು, ಆಮೇಲೆ ಘಟ್ಟ ಹತ್ತುವ ಬಸ್ಸು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅಷ್ಟರಲ್ಲಿ ಇವರ ಮಕ್ಕಳು ಕಾಲೇಜು ಮುಗಿಸಿದ್ದರು.

ಕೆಲಸ ಶುರುವಾಗುವುದು ಮೋರಿಯಲ್ಲಿ. ಪಾತ್ರೆ ತೊಳೆಯುವ ಜಾಗ. ಬೆಳಗ್ಗೆ ಹಾಲಿನ ಕ್ಯಾನು ಬರುವ ಹೊತ್ತಿಗೆ ಏಳಬೇಕು, ಶಟರು ಎಳೆಯುವವರೆಗೆ ನೀರಿನಲ್ಲಿ ಕೈ. ಮೊದಲ ತಿಂಗಳಲ್ಲೇ ಬೆರಳ ಸಂದುಗಳು ಬೆಂದು ಬಿರಿಯುತ್ತಿದ್ದವು. ರಾತ್ರಿ ಅದಕ್ಕೆ ತೆಂಗಿನೆಣ್ಣೆ ಸವರಿ, ಗಿರಾಕಿಗಳು ಉಂಡ ಟೇಬಲುಗಳನ್ನೇ ಜೋಡಿಸಿ ಮಲಗುವುದು. ಮೋರಿಯಿಂದ ಮೇಲೆ ಬಂದರೆ ಟೇಬಲು ಒರೆಸುವ ಕೆಲಸ. ಅಲ್ಲಿಂದ ಬಾಹರ್‌ವಾಲಾ, ಅಂದರೆ ಅಕ್ಕಪಕ್ಕದ ಆಫೀಸುಗಳಿಗೆ ಚಹಾ ಕೊಂಡೊಯ್ಯುವವ. ಆ ಕೆಲಸಕ್ಕೆ ಹುಡುಗರೆಲ್ಲ ಆಸೆಪಡುತ್ತಿದ್ದರು. ಬಿಸಿಲು ಕಾಣುತ್ತದೆ, ಮರಾಠಿ ಹಿಂದಿ ಬಾಯಿಗೆ ಬರುತ್ತದೆ, ಆಫೀಸಿನ ಸಾಹೇಬರ ಪರಿಚಯವಾಗುತ್ತದೆ. ನಾಲ್ಕು ಅಂತಸ್ತಿನ ಮೆಟ್ಟಿಲು ಹತ್ತಿದರೂ ಚಹಾ ಬಸಿಗೆ ಚೆಲ್ಲಬಾರದು, ಅಷ್ಟೆ. ಆಮೇಲೆ ಸಪ್ಲಾಯರ್. ಆರು ಟೇಬಲುಗಳ ಲೆಕ್ಕ ತಲೆಯಲ್ಲೇ ಇಟ್ಟುಕೊಂಡು, ಗಿರಾಕಿ ಎದ್ದೊಡನೆ ಗಲ್ಲಾಕ್ಕೆ ಕೂಗಿ ಹೇಳಬೇಕು. ಕೊನೆಗೆ ಆ ಗಲ್ಲಾ. ಅಲ್ಲಿ ಕೂರುವವನು ಸಾಮಾನ್ಯವಾಗಿ ಧಣಿಯ ಅಳಿಯನೋ ತಮ್ಮನೋ. ಮೋರಿಯ ಹುಡುಗರೆಲ್ಲ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ ಎಂಬುದನ್ನು ಸನ್ಮಾನ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ಮುಟ್ಟಿದವರ ಹೆಸರು ನಮಗೆ ಗೊತ್ತು. ಕಾರ್ಕಳದ ಹತ್ತಿರದ ಕಡಂದಲೆಯ ಕೃಷ್ಣರಾಯರು ಮದರಾಸಿನ ಹೋಟೆಲೊಂದರ ಅಡುಗೆಮನೆಯಲ್ಲಿ ಚಿಕ್ಕಪುಟ್ಟ ಕೆಲಸ ಮಾಡಿಕೊಂಡೇ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು, ಅದು ಇಂದಿಗೂ ನಡೆಯುತ್ತಿದೆ. ಇವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಕಪ್ಪುಬಸಿ ತೊಳೆದದ್ದರಿಂದಲೇ ಮನುಷ್ಯ ಮೇಲೆ ಬರುತ್ತಾನೆ ಎಂದು ನಾವು ನಂಬಿಬಿಟ್ಟಿದ್ದೇವೆ. ಹಾಗಿದ್ದರೆ ತೊಳೆದವರೆಲ್ಲ ಬರಬೇಕಿತ್ತಲ್ಲ?

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಶುರುವಾತು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲೊಂದರ ಮೋರಿಯಲ್ಲಿ. ಮೊದಲ ಸಂಬಳ ಎಷ್ಟು ಎಂದು ಕೇಳಿದರೆ, "ಅದು ಮನಿಆರ್ಡರಿನಲ್ಲಿ ಅಮ್ಮನಿಗೆ ಹೋಯಿತು ಮಾರಾಯರೆ, ನಾನು ನೋಡಿದ್ದೆಲ್ಲಿ" ಎಂದು ನಗುತ್ತಾರೆ. ರಾತ್ರಿ ಶಾಲೆಯ ಬಗ್ಗೆ ಕೇಳಿದರೆ ಮಾತು ನಿಲ್ಲುವುದಿಲ್ಲ.

ಹೌದು, ರಾತ್ರಿ ಶಾಲೆ. ಮುಂಬಯಿ ಕನ್ನಡಿಗರು ಕಟ್ಟಿದ ಸಂಸ್ಥೆಗಳಲ್ಲಿ ನನ್ನ ಲೆಕ್ಕಕ್ಕೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಮೊಗವೀರ ಸಮಾಜದವರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲೇ ಇದಕ್ಕೆ ಕೈಹಾಕಿದರು. ಬಿಲ್ಲವರು ಗುರುನಾರಾಯಣ ರಾತ್ರಿ ಶಾಲೆ ನಡೆಸಿದರು. ಇನ್ನೂ ಹಲವು ಸಂಘಗಳು ಕನ್ನಡ ಮಾಧ್ಯಮದಲ್ಲೇ ಹುಡುಗರನ್ನು ಮಹಾರಾಷ್ಟ್ರದ ಎಸ್ಸೆಸ್ಸಿ ಪರೀಕ್ಷೆಗೆ ಕೂರಿಸಿದವು. ಕೋಟೆಯಲ್ಲಿ ಈ ಶಾಲೆಗಳು ಬೇರೂರಿದ್ದಕ್ಕೆ ಸರಳ ಕಾರಣವಿತ್ತು. ಅದು ಆಫೀಸುಗಳ ಪ್ರದೇಶ. ಸಂಜೆ ಆರಕ್ಕೆ ಗುಮಾಸ್ತರೆಲ್ಲ ಲೋಕಲ್ ಹಿಡಿದು ಮನೆಗೆ ಹೋದರೆ ಹೋಟೆಲು ಖಾಲಿ. ಏಳರ ತರಗತಿಗೆ ಹುಡುಗ ಹೋಗಬಹುದು. ಕಲಿಸುವ ಮೇಷ್ಟ್ರುಗಳೂ ಹಗಲು ಬೇರೆಲ್ಲೋ ದುಡಿದು ಬಂದವರೇ. ಬೆಂಚಿನಲ್ಲಿ ಹದಿಮೂರರ ಹುಡುಗನ ಪಕ್ಕ ಇಪ್ಪತ್ತೈದರ ಸಪ್ಲಾಯರ್. ಬೀಜಗಣಿತದ ನಡುವೆ ತೂಕಡಿಸಿದವನನ್ನು ಬಯ್ಯುವ ಮನಸ್ಸು ಯಾರಿಗೂ ಇರಲಿಲ್ಲ.

ಒಂದೇ ಒಂದು ಶರತ್ತು: ಧಣಿ ಬಿಡಬೇಕು. ಆರಕ್ಕೆ "ಹೋಗು, ಪುಸ್ತಕ ತಗೊ" ಎಂದ ಧಣಿಗಳಿದ್ದರು. ಫೀಸು ಕಟ್ಟಿದವರೂ ಇದ್ದರು. "ಓದಿ ನೀನೇನು ಕಲೆಕ್ಟರ್ ಆಗುತ್ತೀಯಾ?" ಎಂದು ಇನ್ನೊಂದು ರಾಶಿ ಪಾತ್ರೆ ಮುಂದಿಟ್ಟವರೂ ಇದ್ದರು. ಒಂದೇ ಊರಿನ ಇಬ್ಬರು ಹುಡುಗರು ಎರಡು ಹೋಟೆಲು ಸೇರಿದರೆ ಅವರ ಹಣೆಬರಹ ಕವಲೊಡೆಯುತ್ತಿದ್ದದ್ದು ಈ ಆರು ಗಂಟೆಯಲ್ಲಿ. ಬುದ್ಧಿ, ಶ್ರದ್ಧೆ ಎಲ್ಲ ಆಮೇಲಿನ ಮಾತು.

ಕಾನೂನು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲು ನೌಕರನಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತ್ತು. ಇನ್‌ಸ್ಪೆಕ್ಟರ್ ಬರುತ್ತಾನೆಂದರೆ ಚಿಕ್ಕವರು ಹಿಂಬಾಗಿಲಿನಿಂದ ಹೊರಗೆ. ಮಂಗಳೂರಿನಲ್ಲಿ ಹೋಟೆಲು ಕಾರ್ಮಿಕರನ್ನು ಸಂಘಟಿಸಿದ ಒಬ್ಬ ತರುಣ ಆಮೇಲೆ ಮುಂಬಯಿ ಸೇರಿ, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ಹಿಡಿದ. ಅವರೇ ಜಾರ್ಜ್ ಫರ್ನಾಂಡಿಸ್. ಆ ಊರಿನ ಟ್ಯಾಕ್ಸಿಯವರಿಗೂ ಹೋಟೆಲಿನವರಿಗೂ ಯೂನಿಯನ್ ಬಲ ತಂದುಕೊಟ್ಟು, 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಆದರೂ 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. ಅದು ಸೇರಿದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿ ಬಂದ ಮೇಲೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ; ಶಾಲೆ ಮುಗಿದ ಮೇಲೋ ರಜೆಯಲ್ಲೋ ಮನೆಯವರಿಗೆ ಕೈಜೋಡಿಸುವಂಥ ಒಂದೆರಡು ವಿನಾಯಿತಿ ಬಿಟ್ಟರೆ. ತಡವಾಗಿ ಬಂದ ಒಳ್ಳೆಯ ಕಾನೂನು. "ನಮ್ಮ ಕಾಲದಲ್ಲಿ ದುಡಿದೇ ಕಲಿತೆವು" ಎಂದು ಅದನ್ನು ಹಗುರ ಮಾಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಕಲಿತದ್ದು ದುಡಿಮೆ ಮುಗಿದ ಮೇಲೆ, ಏಳರಿಂದ ಒಂಬತ್ತೂವರೆಯವರೆಗೆ.

ಈಗ ಕರಾವಳಿಯಿಂದ ಹುಡುಗರು ಮೋರಿಗೆ ಹೋಗುವುದಿಲ್ಲ. ಕನ್ನಡ ರಾತ್ರಿ ಶಾಲೆಗಳ ಬೆಂಚುಗಳು ಖಾಲಿಯಾಗಿ ಹಲವು ಮುಚ್ಚಿಯೂ ಹೋದವು. ಅದಕ್ಕೆ ದುಃಖಪಡಬೇಕೋ ಸಂತೋಷಪಡಬೇಕೋ, ಎರಡೂ ಸರಿಯೇ. ಉಡುಪಿಯಲ್ಲೇ ಹೋಟೆಲಿಗೆ ಹೋದರೆ ತಟ್ಟೆ ಎತ್ತುವವನು ಒಡಿಶಾದವನೋ ಅಸ್ಸಾಮಿನವನೋ. ಹದಿನೆಂಟು ದಾಟಿದ ಹುಡುಗ. ವರ್ಷದೊಳಗೆ ಕನ್ನಡವೂ ಒಂದಿಷ್ಟು ತುಳುವೂ ಕಲಿತಿರುತ್ತಾನೆ. ಮನಿಆರ್ಡರಿನ ಸಾಲು ಅವನಿಗಿಲ್ಲ, ಸಂಬಳ ಮೊಬೈಲಿನಲ್ಲೇ ಊರಿಗೆ ಹೋಗುತ್ತದೆ. ಅರ್ಧಕ್ಕೆ ಬಿಟ್ಟ ಹತ್ತನೆಯ ತರಗತಿ ಮುಗಿಸುವ ಆಸೆ ಅವನಿಗಿದ್ದರೆ, ಸಂಜೆ ಏಳಕ್ಕೆ ಹೋಗಿ ಕೂರಲು ಒಡಿಯಾದ್ದೋ ಅಸ್ಸಾಮಿಯದ್ದೋ ಒಂದು ಬೆಂಚು ನಮ್ಮೂರಿನಲ್ಲಿ ನಾನಂತೂ ಕಂಡಿಲ್ಲ.

ನಮಸ್ಕಾರ.