ಹೂಂ ಅನ್ನುವವರ ದನಿಯೂ ಕೇಳಿಸಲಿ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಒಬ್ಬರು ಟೀಚರ್ ನನಗೆ ಮೆಸೇಜ್ ಮಾಡಿದ್ದರು. ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತಾರಂತೆ. ಚೆನ್ನಾಗಿ ಕಥೆ ಹೇಳುವುದನ್ನು ಕಲಿಯಬೇಕು, ಕನ್ನಡದಲ್ಲಿ ಯಾರ ಕಥೆ ಕೇಳಲಿ ಎಂದು ಕೇಳಿದ್ದರು. ನಾನು ಐದಾರು ಹೆಸರು ಟೈಪ್ ಮಾಡಿದೆ. ಆದರೆ ಕಳಿಸಲಿಲ್ಲ. ಹೆಸರು ಕೊಟ್ಟರೆ ಅವರು ಯೂಟ್ಯೂಬಿಗೆ ಹೋಗುತ್ತಾರೆ, ಮೊದಲು ಸಿಕ್ಕಿದ್ದನ್ನು ಕೇಳುತ್ತಾರೆ. ಮೊದಲು ಸಿಗುವುದು ಏನು ಹೇಳಿ? ಮೂರು ನಿಮಿಷದ ತುಣುಕು. ಹಿಂದೆ ಕೊಳಲು, ಸ್ಟುಡಿಯೋದಲ್ಲಿ ತೊಳೆದು ಒರೆಸಿಟ್ಟಂಥ ದನಿ. ಕೇಳಲು ಇಂಪಾಗಿರುತ್ತದೆ. ಆದರೆ ಅದನ್ನು ಕೇಳಿ ಕಥೆ ಹೇಳುವುದನ್ನು ಕಲಿಯಲು ಆಗುವುದಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ.

ನಮ್ಮಜ್ಜಿ ಹಗಲು ಹೊತ್ತು ಎಷ್ಟು ಗೋಗರೆದರೂ ಕಥೆ ಹೇಳುತ್ತಿರಲಿಲ್ಲ. ಹಗಲಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಅನ್ನುತ್ತಿದ್ದರು. ರಾತ್ರಿ ಊಟ ಮುಗಿದು, ಹಾಸಿಗೆ ಹಾಸಿ, ದೀಪ ಆರಿಸಿದ ಮೇಲೆಯೇ ಕಥೆ. ಅದಕ್ಕೂ ಒಂದು ಕರಾರು ಇತ್ತು. "ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆನೂ ನಿಲ್ಲುತ್ತೆ." ಕತ್ತಲಲ್ಲಿ ನಮ್ಮ ಮುಖ ಅವರಿಗೆ ಕಾಣುತ್ತಿರಲಿಲ್ಲ. ನಾವು ಎಚ್ಚರ ಇದ್ದೇವೋ, ಹೆದರಿದ್ದೇವೋ, ನಿದ್ದೆಗೆ ಜಾರುತ್ತಿದ್ದೇವೋ, ಎಲ್ಲಕ್ಕೂ ಆ ಹೂಂ ಒಂದೇ ಗುರುತು. ನಮ್ಮ ಹೂಂ ಜೋರಾದರೆ ರಾಕ್ಷಸಿಗೆ ಇನ್ನೂ ನಾಲ್ಕು ಹಲ್ಲು ಬರುತ್ತಿದ್ದವು. ಹೂಂ ತೂಕಡಿಸತೊಡಗಿದರೆ ರಾಜಕುಮಾರ ಬೇಗ ಬೇಗ ಮನೆ ಸೇರುತ್ತಿದ್ದ.

ಅಜ್ಜಿಯ ಕಥೆಯಲ್ಲಿ ಅರ್ಧ ನಮ್ಮ ಹೂಂ ಆಗಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷ ಆದ ಮೇಲೆ. ಹೊಳೆದ ಮೇಲೆ ನೋಡಿದರೆ ನಮ್ಮ ನಾಡಿನ ಕಥೆಗಾರರ ಹತ್ತಿರ ಎಲ್ಲ ಕಡೆಯೂ ಅದೇ ಹೂಂ ಇದೆ.

ಮಂಟೇಸ್ವಾಮಿ ಅನ್ನುವ ಸಂತನ ಕಥೆ ಹಾಡುವ ನೀಲಗಾರರನ್ನೇ ನೋಡಿ. ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಗಗ್ಗರ. ಮುಂದೆ ಹಾಡುವವರು ಒಬ್ಬರು. ಪಕ್ಕದಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ, ಮಾತಿಗೆ ಮಾತು ಸೇರಿಸುತ್ತಾರೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗುವ ಸಾಲು ಬಂದಾಗ ಕೇಳಬೇಕು. ಮುಂದಿನವರ ದನಿ ಏರಿದಷ್ಟೂ ಹಿಂದಿನವರು ಏರಿಸುತ್ತಾರೆ. ಆ ಹಿಮ್ಮೇಳ ಅಂದರೆ ತಾಳ ಹಾಕಿ ಹೇಳುವ ಹೂಂ. ನಮ್ಮ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಹಳೇ ಮೈಸೂರು ಕಡೆ ಎಷ್ಟು ಮನೆಗಳಲ್ಲಿ ಓಡಿವೆ ಅಂತ ಆ ಕಡೆಯವರಿಗೆ ಗೊತ್ತೇ ಇರುತ್ತದೆ. ಅಲ್ಲಿಂದ ಶುರು ಮಾಡಿ. ಸಾಧ್ಯವಾದರೆ ಬನದ ಹುಣ್ಣಿಮೆಯ ಹೊತ್ತಿಗೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ. ಅಲ್ಲಿ ಕೇಳುವವರ ಪಕ್ಕದಲ್ಲಿ ಕೂತು ಕೇಳಬಹುದು. ಮುಂದಿನ ಮಾತು ಬರುವ ಮೊದಲೇ ಪಕ್ಕದವರ ತುಟಿ ಅಲುಗುತ್ತಿರುತ್ತದೆ.

ಬಳ್ಳಾರಿ ಕಡೆಯ ದರೋಜಿ ಈರಮ್ಮನವರನ್ನು ಬುರ್ರಕಥಾ ಈರಮ್ಮ ಅಂತಲೇ ಜನ ಕರೆಯುತ್ತಿದ್ದರು. ಬುರ್ರಕಥೆ ಅಂದರೆ ವಾದ್ಯದ ಜೊತೆ ಹಾಡುತ್ತಾ ಹೇಳುವ ಕಥೆ. 2014ರಲ್ಲಿ ತೀರಿಕೊಂಡರು. ಓದು ಬರಹ ಕಲಿತವರಲ್ಲ. ಹನ್ನೆರಡು ಮಹಾಕಾವ್ಯ ಬಾಯಲ್ಲಿದ್ದವು. ಅವರ ಜೊತೆಗೂ ಪಕ್ಕದಲ್ಲಿ ಉತ್ತರ ಕೊಡುವ ಹೆಣ್ಣು ದನಿಗಳು ಇರುತ್ತಿದ್ದವು. ಇಷ್ಟೊಂದು ನೆನಪು ಒಬ್ಬರೊಳಗೆ ಹೇಗೆ ಉಳಿಯಿತು ಅಂತ ಆಶ್ಚರ್ಯ ಪಡುವಾಗ ನಾವು ಆ ಪಕ್ಕದ ದನಿಗಳನ್ನು ಮರೆತುಬಿಡುತ್ತೇವೆ. ಹೇಳುವವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಥೆಯನ್ನು ಕೆಳಗೆ ಬೀಳದಂತೆ ಹಿಡಿದುಕೊಳ್ಳುವವರು ಅವರೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ತಾಳಮದ್ದಳೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಒಂದೆರಡು ಮಾತು. ಯಕ್ಷಗಾನದ್ದೇ ಪ್ರಸಂಗ, ಯಕ್ಷಗಾನದ್ದೇ ಹಾಡು. ಆದರೆ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಾಲು ಹಾಕಿಕೊಂಡು ಕೂತು ಮಾತಾಡುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ನಾಲ್ಕು ಸಾಲಿಗೆ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಅಲ್ಲೇ, ಆ ಕ್ಷಣಕ್ಕೆ ಮಾತು ಕಟ್ಟುತ್ತಾರೆ. ಬರೆದ ಸಂಭಾಷಣೆ ಯಾರ ಕೈಯಲ್ಲೂ ಇರುವುದಿಲ್ಲ.

ಇಲ್ಲಿ ಹೂಂ ಅನ್ನುವವನು ಎದುರಾಳಿಯೇ ಆಗಿಬಿಟ್ಟಿದ್ದಾನೆ. ವಾಲಿಯ ಪ್ರಸಂಗ ಕೇಳಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ರಾಮನನ್ನು ಕೇಳುತ್ತಾನೆ. ಕಥೆ ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ವಾಲಿ ಯಾವ ದಾರಿಯಿಂದ ಬಂದು ಆ ಪ್ರಶ್ನೆ ಕೇಳುತ್ತಾನೆ ಅನ್ನುವುದು ಎದುರಿಗೆ ಕೂತ ರಾಮನಿಗೂ ಗೊತ್ತಿರುವುದಿಲ್ಲ. ಅವನು ಪೂರ್ತಿ ಕೇಳಿಸಿಕೊಳ್ಳಲೇಬೇಕು. ಕೇಳಿಸಿಕೊಳ್ಳದೆ ಮೊದಲೇ ತಯಾರು ಮಾಡಿಕೊಂಡ ಮಾತನ್ನು ಒಪ್ಪಿಸಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಭಟ್ಟರು 2006ರಲ್ಲಿ ಹೋದರು, ಧ್ವನಿಮುದ್ರಣಗಳು ಉಳಿದಿವೆ. ಅವನ್ನು ಕೇಳುವಾಗ ಒಂದು ಕೆಲಸ ಮಾಡಿ. ಶೇಣಿಯವರು ಮಾತಾಡದೆ ಇರುವ ಜಾಗಗಳನ್ನು ಕೇಳಿ. ಎದುರಿನವರ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಬಿಡುತ್ತಾರೆ, ಎದುರಿನವರ ಯಾವ ಶಬ್ದವನ್ನು ಎತ್ತಿಕೊಂಡು ಶುರು ಮಾಡುತ್ತಾರೆ ಅಂತ ಗಮನಿಸಿ. ಕಥೆ ಹೇಳುವುದನ್ನು ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಆಮೇಲೆ ಅದೇ ಪ್ರಸಂಗವನ್ನು ಬೇರೆಯವರ ಬಾಯಲ್ಲಿ ಕೇಳಿ. ಕಥೆಯ ಎಲುಬು ಯಾವುದು, ಹೇಳುವವರು ಸೇರಿಸಿದ ಮಾಂಸ ಯಾವುದು ಅಂತ ಆಗ ಬೇರೆ ಬೇರೆಯಾಗಿ ಕಾಣುತ್ತದೆ.

ಹರಿಕಥೆಯಲ್ಲಿ ದಾಸರು ಒಬ್ಬರೇ ಎಲ್ಲ ಪಾತ್ರ. ಆದರೂ ಸಭೆಯಿಂದ "ಗೋವಿಂದ" ಅನ್ನಿಸದೆ ಬಿಡುವುದಿಲ್ಲ. ಗುರುರಾಜುಲು ನಾಯ್ಡು ಅವರ ಕ್ಯಾಸೆಟ್ಟು ಕೇಳಿ ಬೆಳೆದವರು ಈ ಕಾರ್ಯಕ್ರಮ ಕೇಳುವವರಲ್ಲಿ ತುಂಬ ಜನ ಇದ್ದೀರಿ ಅಂದುಕೊಂಡಿದ್ದೇನೆ. ಅಳಿಸುತ್ತಾ ಅಳಿಸುತ್ತಾ ಥಟ್ಟನೆ ನಗಿಸುವ ಆ ಕಲೆಯನ್ನು ಅವರಿಂದಲೇ ಕೇಳಿ ಕಲಿಯಬೇಕು.

ಈಗ ನನ್ನ ಮಾತಿಗೆ ಒಂದು ಗಟ್ಟಿ ಆಧಾರ ಕೊಡುತ್ತೇನೆ. ಇದು ತುಳುನಾಡಿನದು. ಬೆಳ್ತಂಗಡಿ ತಾಲೂಕಿನಲ್ಲಿ ಗೋಪಾಲ ನಾಯ್ಕ ಎಂಬ ಕೃಷಿಕರಿದ್ದರು. ಸಿರಿ ಅನ್ನುವ ಹೆಣ್ಣಿನ ಪಾಡ್ದನ, ಅಂದರೆ ತುಳುವಿನ ಕಥೆ ಹಾಡು, ಹಾಡುತ್ತಿದ್ದರು. ರೇಡಿಯೋಗೆ ಹಾಡಿದಾಗ ಅರ್ಧ ಗಂಟೆಯೊಳಗೆ ಸಿರಿಯ ಕಥೆ ಮುಗಿದಿತ್ತು. ಆಮೇಲೆ 1980ರ ದಶಕದಲ್ಲಿ ಜಾನಪದ ವಿದ್ವಾಂಸ ಚಿನ್ನಪ್ಪ ಗೌಡರು ಬರೆದುಕೊಳ್ಳಲು ಕೂತಾಗ ಅದೇ ಕಥೆ ಎಂಟು ಸಾವಿರ ಸಾಲು ದಾಟಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಕೂತು ದಿನಗಟ್ಟಲೆ ಕೇಳಿದರು. ನಿಮಗೆ ಬೇಕಾದಷ್ಟು ಹೊತ್ತು ಹಾಡಿ, ನಾವು ಕೇಳುತ್ತೇವೆ ಅನ್ನುವ ಹಾಗೆ. ಆಗ ಬಂದದ್ದು 15,683 ಸಾಲು! ಹೋಮರನ ಇಲಿಯಡ್ ಹೆಚ್ಚು ಕಡಿಮೆ ಅಷ್ಟೇ ಉದ್ದ ಇದೆ. ಅದೇ ಮನುಷ್ಯ, ಅದೇ ಕಥೆ. ಕೇಳುವವರು ಎಷ್ಟು ಜಾಗ ಕೊಟ್ಟರೋ ಕಥೆ ಅಷ್ಟು ಬೆಳೆಯಿತು.

ಅದಕ್ಕೇ ಮೂರು ನಿಮಿಷದ ತುಣುಕಿನ ಬಗ್ಗೆ ನನಗೆ ಇಷ್ಟು ಸಂಕಟ. ಅದು ಕಥೆಗಾರರ ತಪ್ಪಲ್ಲ. ನಾವು ಕೊಟ್ಟ ಜಾಗವೇ ಅಷ್ಟು. ಆದ್ದರಿಂದ ಹುಡುಕುವಾಗ ಉದ್ದ ಇರುವುದನ್ನು ಹುಡುಕಿ. ಜಾತ್ರೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಮಾಡಿದ ರೆಕಾರ್ಡಿಂಗ್ ಸಿಕ್ಕರೆ ಬಿಡಬೇಡಿ. ಮೈಕ್ ಕಿರುಗುಟ್ಟಲಿ, ಮಗು ಅಳಲಿ, ಹಿಂದೆ ಪಾತ್ರೆ ಸದ್ದಾಗಲಿ, ಪರವಾಗಿಲ್ಲ. ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮು ಕೂಡ ನಿಂತುಹೋಯಿತು, ಆಗ ಹೇಳುವವರು ಏನು ಮಾಡಿದರು ಅನ್ನುವುದು ಅಲ್ಲಿ ಮಾತ್ರ ಕೇಳಿಸುತ್ತದೆ. ಬೆಂಗಳೂರಿನವರಿಗೆ ರಾಮನಗರದ ಜಾನಪದ ಲೋಕ ಹತ್ತಿರವೇ ಇದೆ. ಜಾನಪದ ಕಲೆಗಳಿಗಾಗಿ ನಾಗೇಗೌಡರು ಕಟ್ಟಿದ ಜಾಗ ಅದು. ಕಲಾವಿದರು ಬರುವ ದಿನ ನೋಡಿಕೊಂಡು ಹೋಗಿ, ಮುಂದಿನ ಸಾಲಿನಲ್ಲೇ ಕೂರಿ.

ಇನ್ನೊಂದು ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮ ಸೋದರತ್ತೆಯ ಹತ್ತಿರ ಏಳು ಜನ ಅಣ್ಣಂದಿರ ತಂಗಿಯ ಕಥೆ ರೆಕಾರ್ಡ್ ಮಾಡಲು ಊರಿಗೆ ಹೋಗಿದ್ದೆ. ಅಜ್ಜಿಯ ಕಥೆಗಳು ಈಗ ಗೊತ್ತಿರುವುದು ಅವರೊಬ್ಬರಿಗೇ. ದನಿ ಸ್ವಚ್ಛವಾಗಿ ಬರಲಿ ಅಂತ ಫ್ಯಾನ್ ಆರಿಸಿದೆ. ಫೋನನ್ನು ಅವರ ಮುಖದ ಹತ್ತಿರ ಹಿಡಿದೆ. ನಾನು ಉಸಿರೆತ್ತಲಿಲ್ಲ. ಅತ್ತೆ ಗಡಿಬಿಡಿಯಲ್ಲಿ ಹೇಳಿದರು. ನಾಲ್ಕು ನಿಮಿಷಕ್ಕೆ ಕಥೆ ಮುಗಿಯಿತು. ನಡುವೆ ಒಂದು ಹಾಡು ಇತ್ತಲ್ಲ ಅತ್ತೆ ಅಂದರೆ, "ಅದು ಮರೆತುಹೋಯ್ತು ಕಣೋ" ಅಂದರು.

ಅವತ್ತು ರಾತ್ರಿ ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗಿಕೊಂಡೇ ಕೇಳಿದೆ, ಇನ್ನೊಂದು ಸಲ ಹೇಳಿ ಅತ್ತೆ ಅಂತ. ಈ ಸಲ ಪ್ರತಿ ಮಾತಿಗೂ ಹೂಂ ಅಂದೆ. ಅತ್ತಿಗೆಯರು ಆ ಹುಡುಗಿಯನ್ನು ಕಾಡಿಗೆ ಕಳಿಸುವ ಜಾಗಕ್ಕೆ ಬಂದಾಗ ನಾನು ಸುಮ್ಮನಾಗಿಬಿಟ್ಟೆ. "ಕೇಳ್ತಾ ಇದ್ದೀಯೇನೋ ಮಗ?" ಅಂದರು. ಹೂಂ ಅತ್ತೆ, ಆಮೇಲೆ? ಅಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಆ ಹಾಡನ್ನು ಶುರು ಮಾಡಿದರು. ಪೂರ್ತಿ ಹಾಡಿದರು.

ಆ ರೆಕಾರ್ಡಿಂಗ್ ನಲವತ್ತು ನಿಮಿಷ ಇದೆ. ಉದ್ದಕ್ಕೂ ನನ್ನ ಹೂಂ ಕೇಳಿಸುತ್ತದೆ. ಅದನ್ನು ಕತ್ತರಿಸದೆ ಹಾಗೇ ಆ ಟೀಚರಿಗೆ ಕಳಿಸಿದ್ದೇನೆ.