ಎಸೆಯುವ ಮುನ್ನ ಬ್ಲೇಡನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಕಬ್ಬಿಣ ಕೊಯ್ಯುವ ಬ್ಯಾಂಡ್‌ಸಾ, ಅಂದರೆ ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ, ಇರುವ ಶೆಡ್ಡಿನ ಒಳಗೆ ಹೋದರೆ, ಮೂಲೆಯಲ್ಲಿ ತುಂಡಾದ ಬ್ಲೇಡುಗಳು ಬಿದ್ದಿರುವುದು ಸಾಮಾನ್ಯ. ‘ಮಾಲು ಸರಿಯಿಲ್ಲ’ ಎಂದು ಅಂಗಡಿಯವರನ್ನು ಬೈದು ಅವನ್ನು ಗುಜರಿಗೆ ಹಾಕುವುದೂ ಅಷ್ಟೇ ಸಾಮಾನ್ಯ. ಆದರೆ ಆ ತುಂಡನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿದರೆ, ತಪ್ಪು ಬ್ಲೇಡಿನದೋ, ಯಂತ್ರದ್ದೋ, ನಮ್ಮದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ಬಿರುಕು ಎಲ್ಲಿಂದ ಹೊರಟಿದೆ ಎಂದು ನೋಡಬೇಕು. ಬ್ಲೇಡ್ ಪ್ರತಿ ಸುತ್ತಿನಲ್ಲೂ ಚಕ್ರದ ಮೇಲೆ ಬಾಗಿ, ಅದನ್ನು ನೇರವಾಗಿ ಹಿಡಿದಿಡುವ ಗೈಡುಗಳಲ್ಲಿ ತಿರುಚಿಕೊಂಡು, ಮತ್ತೆ ನೆಟ್ಟಗಾಗುತ್ತ ದಣಿಯುತ್ತಿರುತ್ತದೆ. ಟೆನ್ಷನ್, ಅಂದರೆ ಬ್ಲೇಡಿನ ಬಿಗಿತ, ಅತಿಯಾದರೆ, ಫೀಡ್, ಅಂದರೆ ಬ್ಲೇಡನ್ನು ಲೋಹದೊಳಗೆ ಒತ್ತಿ ಇಳಿಸುವ ಗತಿ, ಹೆಚ್ಚಾದರೆ, ಅಥವಾ ಚಕ್ರದ ವ್ಯಾಸಕ್ಕೆ ಬ್ಲೇಡ್ ಮೀರಿದ ದಪ್ಪವಾಗಿದ್ದರೆ, ಹಲ್ಲುಗಳ ನಡುವಿನ ಕುಳಿಯಿಂದ ಬಿರುಕು ಬೇಗ ಹೊರಡುತ್ತದೆ. ಬಿರುಕು ಬೆನ್ನಿನಿಂದ ಬಂದಿದ್ದರೆ, ಬೆನ್ನು ಚಕ್ರದ ಅಂಚಿಗೆ ಉಜ್ಜುತ್ತಿದೆ ಅಥವಾ ಹಿಂಬದಿಯ ಗೈಡ್ ಸವೆದಿದೆ ಎಂದು ತಿಳಿಯಬೇಕು. ಅಂಥ ಬ್ಲೇಡಿನ ಬೆನ್ನು, ಸುತ್ತಿಗೆಯ ಏಟು ತಿಂದ ಉಳಿಯ ತಲೆಯಂತೆ ಹರಡಿಕೊಂಡಿರುತ್ತದೆ. ಪಟ್ಟಿಯ ಎರಡು ತುದಿಗಳನ್ನು ಸೇರಿಸಿದ ಬೆಸುಗೆಯಲ್ಲೇ ಸರಿಯಾಗಿ ಬಿಟ್ಟಿದ್ದರೆ ಮಾತ್ರ ಬೆಸುಗೆ ಹಾಕಿಕೊಟ್ಟವರನ್ನು ಕೇಳುವುದು ನ್ಯಾಯ. ಬೆಸೆದ ಮೇಲೆ ಆ ಜಾಗವನ್ನು ಮತ್ತೆ ಹದವಾಗಿ ಕಾಯಿಸದಿದ್ದರೆ ಅದು ಗಾಜಿನಂತೆ ಪೆಡಸಾಗಿ ಉಳಿಯುತ್ತದೆ.

ಹಲ್ಲು ಉದುರುವುದು ಇನ್ನೊಂದು ಕಥೆ. ನಾನು ಕೆಲಸ ಕಲಿತ ಶೆಡ್ಡಿನಲ್ಲಿ ಒಮ್ಮೆ, ದಪ್ಪ ರೌಂಡ್ ಬಾರ್ ಕೊಯ್ಯುತ್ತಿದ್ದ 4/6 ಹಲ್ಲಿನ ಬ್ಲೇಡಿನಲ್ಲೇ, 2 ಮಿ.ಮೀ. ದಪ್ಪದ ಚೌಕ ಪೈಪನ್ನು ಕೊಯ್ಯಲು ಹೊರಟೆ. ಮೇಲಿನ ಮುಖ ಸಲೀಸಾಗಿ ಕೊಯ್ದಿತು. ಬ್ಲೇಡ್ ಕೆಳಗಿಳಿದು ಬರೀ ಎರಡು ಪಕ್ಕಗಳನ್ನು ಕೊಯ್ಯತೊಡಗಿದಾಗ ಕಟಕಟ ಸದ್ದು ಹುಟ್ಟಿತು. ಯಂತ್ರ ನಿಲ್ಲಿಸುವಷ್ಟರಲ್ಲಿ ಒಂದು ಗೇಣು ಉದ್ದಕ್ಕೆ ಹಲ್ಲುಗಳೇ ಇರಲಿಲ್ಲ. 4/6 ಎಂದರೆ ಇಂಚಿಗೆ ನಾಲ್ಕರಿಂದ ಆರು ಹಲ್ಲು, ನಡುವಿನ ಅಂತರ ಸುಮಾರು 4ರಿಂದ 6 ಮಿ.ಮೀ. ಪೈಪಿನ ತೆಳ್ಳನೆಯ ಪಕ್ಕ ಆ ಕುಳಿಯೊಳಗೆ ಬೀಳುತ್ತದೆ, ಹಿಂದಿನಿಂದ ಬರುವ ಹಲ್ಲು ಅದಕ್ಕೆ ಗುದ್ದಿ ಮುರಿಯುತ್ತದೆ. ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲುಗಳು ಜಾಬಿನ, ಅಂದರೆ ಕೊಯ್ಯುವ ವಸ್ತುವಿನ, ಮೇಲಿರಬೇಕೆಂಬುದು ನಿಯಮ. ಇಷ್ಟು ತೆಳುವಿಗೆ ಅದನ್ನು ಪೂರ್ತಿ ಪಾಲಿಸಲಾಗದು, ಆದ್ದರಿಂದ 10/14ರ ಬ್ಲೇಡ್ ಹಾಕಿ ಫೀಡನ್ನು ಇಳಿಸುವುದೇ ದಾರಿ. ವೈಸಿನಲ್ಲಿ ಜಾಬ್ ಸಡಿಲವಿದ್ದರೂ, ಚೂರು ಗುಡಿಸುವ ವೈರ್ ಬ್ರಷ್ ಸವೆದು ಹಲ್ಲುಗಳಿಗೆ ತಾಕದಿದ್ದರೂ ಇದೇ ಗತಿ. ಆ ಬ್ರಷ್ಷಿನ ಕಡೆ ನೋಡುವವರನ್ನು ನಾನು ಕಂಡಿದ್ದು ಕಡಿಮೆ.

ಕೊಯ್ತ ಓರೆಯಾದರೆ ಮೊದಲು ಗೈಡಿನ ತೋಳನ್ನು ಜಾಬಿನ ಹತ್ತಿರಕ್ಕೆ ಸರಿಸಿ, ಆಮೇಲೆ ಟೆನ್ಷನ್ ಪರೀಕ್ಷಿಸಬೇಕು. ಎರಡೂ ಸರಿಯಿದ್ದರೆ, ಒಂದು ಬದಿಯ ಹಲ್ಲುಗಳು ಮೊಂಡಾಗಿರಬಹುದು.

ಬ್ಲೇಡ್ ಓಡುತ್ತಿರುವಾಗ ಅದರ ಆರೋಗ್ಯವನ್ನು ಕೆಳಗೆ ಬೀಳುವ ಚೂರುಗಳೇ ಹೇಳುತ್ತವೆ. ಸಡಿಲವಾಗಿ ಸುರುಳಿಗೊಂಡ ಬೆಳ್ಳನೆಯ ಚೂರು ಬಂದರೆ ಎಲ್ಲವೂ ಹದವಾಗಿದೆ. ಪುಡಿಪುಡಿಯಾದರೆ ಹಲ್ಲು ಕೊಯ್ಯದೆ ಉಜ್ಜುತ್ತಿದೆ, ಫೀಡ್ ಸಾಲದು. ದಪ್ಪಗೆ, ನೀಲಿಗಟ್ಟಿ, ಬಿಸಿಯಾಗಿ ಬಿದ್ದರೆ ಫೀಡೋ ವೇಗವೋ ಅತಿಯಾಗಿದೆ, ಇಲ್ಲವೇ ತಂಪು ಮಾಡುವ ಕೂಲೆಂಟ್ ದ್ರವ ಕೊಯ್ತಕ್ಕೆ ತಲುಪುತ್ತಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಮ್ಮವರು ಮೋಸಹೋಗುವುದು ಇಲ್ಲೇ. ಗಟ್ಟಿ ಲೋಹವೆಂದು ಹೆದರಿ ಫೀಡನ್ನು ತೀರಾ ಇಳಿಸುತ್ತಾರೆ. ಹಲ್ಲು ಉಜ್ಜಿದಷ್ಟೂ ಆ ಲೋಹದ ಮೈ ಇನ್ನಷ್ಟು ಗಡುಸಾಗಿ, ಹಲ್ಲನ್ನೇ ತಿಂದುಹಾಕುತ್ತದೆ. ಅಲ್ಲಿ ವೇಗವನ್ನು ಎಂ.ಎಸ್.ಗೆ, ಅಂದರೆ ಸಾಧಾರಣ ಮೈಲ್ಡ್ ಸ್ಟೀಲಿಗೆ, ಇಡುವುದರ ಸುಮಾರು ಅರ್ಧಕ್ಕೆ ಇಳಿಸಿ, ಫೀಡನ್ನು ಮಾತ್ರ ಬಿಡದೆ ಒತ್ತಿ ಹಿಡಿಯಬೇಕು.

ಇನ್ನು ಹೊಸ ಬ್ಲೇಡಿನ ಮಾತು. ಅದರ ಹಲ್ಲಿನ ತುದಿ ಅತಿ ಚೂಪಾಗಿರುವುದರಿಂದ, ಮೊದಲ ಕೆಲವು ಕೊಯ್ತಗಳಲ್ಲಿ ವೇಗವನ್ನು ಎಂದಿನಂತೆಯೇ ಇಟ್ಟು, ಫೀಡನ್ನು ಅರ್ಧಕ್ಕೆ ತಗ್ಗಿಸಿ ಪಳಗಿಸಬೇಕು. ಇಲ್ಲದಿದ್ದರೆ ಆ ತುದಿಗಳು ಸೂಕ್ಷ್ಮವಾಗಿ ಚಕ್ಕೆಯೆದ್ದು, ಬ್ಲೇಡಿನ ಆಯುಷ್ಯ ಮೊದಲ ದಿನವೇ ಅರ್ಧ ಕರಗುತ್ತದೆ. ಹಳೆಯ ಬ್ಲೇಡ್ ಅರ್ಧಕ್ಕೆ ಕೊಯ್ದು ಬಿಟ್ಟ ಸಂದಿಯಲ್ಲಿ ಹೊಸದನ್ನು ಇಳಿಸಲೇಬಾರದು, ಏಕೆಂದರೆ ಸವೆದ ಹಲ್ಲು ಕೊರೆದ ಸಂದಿ ಕಿರಿದಾಗಿರುತ್ತದೆ. ಜಾಬನ್ನು ತಿರುಗಿಸಿ ಹಿಡಿದು, ಬೇರೆ ಕಡೆಯಿಂದ ಹೊಸದಾಗಿ ಕೊಯ್ಯಲು ತೊಡಗಬೇಕು.

ನಮಸ್ಕಾರ.