ನೂರು ಯೆನ್ ಅಂಗಡಿಯಲ್ಲಿ ಎರಡು ಸಾವಿರದ ಬಿಲ್ಲು

ಈ ಸೌಟು ನೋಡಿ. ಅನ್ನ ಬಡಿಸುವ ಬಿಳಿ ಪ್ಲಾಸ್ಟಿಕ್ ಸೌಟು. ಮೈತುಂಬ ಸಣ್ಣ ಸಣ್ಣ ಬೊಕ್ಕೆ, ಅನ್ನ ಅಂಟುವುದಿಲ್ಲ. ಹಿಡಿಯ ತುದಿ ಅಗಲವಾಗಿದೆ, ಅಡುಗೆಕಟ್ಟೆ ಮೇಲೆ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ. ಮಲಗಿಸುವ ಹಾಗೇ ಇಲ್ಲ, ಹಾಗಾಗಿ ಕಟ್ಟೆಗೆ ಅಗುಳು ಮೆತ್ತಿಕೊಳ್ಳುವುದಿಲ್ಲ. ಟೋಕಿಯೋದಲ್ಲಿ ನಮ್ಮ ಮನೆ ಹತ್ತಿರದ ನೂರು ಯೆನ್ ಅಂಗಡಿಯಲ್ಲಿ, ಅಂದರೆ ಹೆಚ್ಚುಕಮ್ಮಿ ಎಲ್ಲದಕ್ಕೂ ನೂರು ಯೆನ್ ಅನ್ನುವ ಅಂಗಡಿಯಲ್ಲಿ ತಗೊಂಡೆ. ತೆರಿಗೆ ಸೇರಿ 110 ಯೆನ್, ಅಂದರೆ ಅರವತ್ತು ಚಿಲ್ಲರೆ ರೂಪಾಯಿ.

ಇದೊಂದನ್ನೇ ತರಲು ಹೋಗಿದ್ದು. ಬಿಲ್ಲು ಎರಡು ಸಾವಿರ ಯೆನ್ ದಾಟಿತ್ತು.

ನೂರು ಯೆನ್ ಅಂಗಡಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಬೇರೆ ಅಂಗಡಿಯಲ್ಲಿ ವಸ್ತು ಎತ್ತಿಕೊಂಡು ಚೀಟಿ ತಿರುಗಿಸಿ ನೋಡುತ್ತೇವೆ. ಆ ಒಂದು ಗಳಿಗೆಯಲ್ಲೇ 'ಇದು ಬೇಕಾ?' ಅಂತ ಮನಸ್ಸು ಕೇಳಿಬಿಡುತ್ತದೆ. ಇಲ್ಲಿ ತಿರುಗಿಸಿ ನೋಡುವುದಕ್ಕೆ ಬೆಲೆಯೇ ಇಲ್ಲ. ಕೈ ಸೀದಾ ಬುಟ್ಟಿಗೆ ಹೋಗುತ್ತದೆ.

ಇದು ಶುರುವಾದ ಕಥೆ ಕೇಳಿದರೆ ನಮ್ಮ ಜಾತ್ರೆ ನೆನಪಾಗುತ್ತದೆ. 'ಏನ್ ತಗೊಂಡ್ರೂ ಹತ್ತು ರೂಪಾಯಿ' ಅಂತ ಕೂಗುವ ಗಾಡಿ ಇರುತ್ತದಲ್ಲ, ಹಾಗೇ. ಡೈಸೋ ಅನ್ನುವ ನೂರು ಯೆನ್ ಅಂಗಡಿಗಳ ಸರಣಿ ಕಟ್ಟಿದ ಹಿರೋತಾಕೆ ಯಾನೊ 1972ರಲ್ಲಿ ಲಾರಿಯಲ್ಲಿ ಸಾಮಾನು ತುಂಬಿಕೊಂಡು ಊರೂರು ಸುತ್ತಿ ಮಾರುತ್ತಿದ್ದರು. ಒಂದು ದಿನ ಜನ ಮುತ್ತಿಕೊಂಡು 'ಇದೆಷ್ಟು, ಅದೆಷ್ಟು' ಅಂತ ಕೇಳತೊಡಗಿದರು. ಪಟ್ಟಿಯಲ್ಲಿ ಬೆಲೆ ಹುಡುಕುವಷ್ಟು ಪುರುಸೊತ್ತಿಲ್ಲ. 'ನೂರು ಯೆನ್ ಕೊಡಿ ಸಾಕು' ಅಂದುಬಿಟ್ಟರಂತೆ. ಪಕ್ಕದವರು 'ಹಾಗಾದ್ರೆ ಇದು?' ಅಂದರು. ಅದಕ್ಕೂ ನೂರೇ. ಯಾನೊ ಸ್ವತಃ ಹೇಳಿಕೊಳ್ಳುತ್ತಿದ್ದ ಕಥೆ ಇದು. ಅವರು 2024ರಲ್ಲಿ ತೀರಿಕೊಂಡರು. (ಬೆಂಗಳೂರಿನ ಮಾಲ್‌ಗಳಲ್ಲಿ ಕಾಣುವ ಮಿನಿಸೋ ಕೂಡ ಜಪಾನಿನದ್ದೇ ಅಂದುಕೊಂಡಿದ್ದರೆ, ಅಲ್ಲ, ಅದು ಚೀನಾದ್ದು.)

ಆದರೆ ನೂರು ಅನ್ನುವುದು ಅಲುಗಾಡದೆ ನಿಂತರೆ ಬೇರೆ ಏನೋ ಅಲುಗಾಡಲೇಬೇಕಲ್ಲ. 1989ರಲ್ಲಿ 3 ಪರ್ಸೆಂಟ್ ಇದ್ದ ತೆರಿಗೆ 2019ಕ್ಕೆ 10 ಆಯಿತು. ಆಮೇಲೆ ಯೆನ್ ಬಿದ್ದಿತು. 2021ರಲ್ಲಿ ಒಂದು ಡಾಲರ್‌ಗೆ 110ರ ಆಸುಪಾಸು ಇದ್ದದ್ದು 2024ರಲ್ಲಿ 160 ಮುಟ್ಟಿತು. ಹೊರಗಿನಿಂದ ಬರುವ ಸರಕೇ ಜಾಸ್ತಿ, ಹಾಗಾಗಿ ಪೆಟ್ಟು ಬೀಳದೆ ಇರುತ್ತದಾ? ಸೇರಿಯಾ ಅನ್ನುವ ಅಂಗಡಿ ಇನ್ನೂ ನೂರಕ್ಕೇ ಅಂಟಿಕೊಂಡಿದೆ. ಡೈಸೋದಲ್ಲಿ 300, 500 ಯೆನ್‌ನ ಸಾಮಾನೂ ನೂರರ ಪಕ್ಕದಲ್ಲೇ ಇರುತ್ತವೆ. ಬೆಲೆ ಅಚ್ಚಾಗಿದ್ದರೆ ಅಷ್ಟು, ಇಲ್ಲದಿದ್ದರೆ ನೂರು. ಅವಸರದಲ್ಲಿ ಯಾರು ನೋಡುತ್ತಾರೆ? ನಾನಂತೂ ಕೌಂಟರಿನಲ್ಲೇ ಕಣ್ಣು ಬಿಡುವುದು.

ನೂರರಲ್ಲೇ ಉಳಿದದ್ದು ಸುಮ್ನೆ ಕುಗ್ಗುತ್ತದೆ. ಸಿಂಕ್‌ಗೆ ಹಾಕುವ ಬಲೆ ಚೀಲದ ಹಳೇ ಕವರ್ ಒಂದು ನನ್ನ ಡ್ರಾಯರಿನಲ್ಲಿ ಉಳಿದಿತ್ತು. ಹೊಸದನ್ನು ತಂದು ಪಕ್ಕದಲ್ಲಿಟ್ಟೆ. ಅದೇ ಬಣ್ಣ, ಅದೇ ಚಿತ್ರ, ಒಳಗಿನ ಚೀಲ ಮಾತ್ರ ಐದು ಕಮ್ಮಿ. ಆಮೇಲಿಂದ ನಾನು ಬೆಲೆ ನೋಡುವ ಬದಲು ಒಳಗೆ ಎಷ್ಟಿದೆ ಅಂತ ಎಣಿಸುತ್ತೇನೆ. ಡಿಟರ್ಜೆಂಟ್, ಬಿಸ್ಕತ್ತು, ಫಾಯಿಲ್ ಎಲ್ಲ ಸೂಪರ್‌ಮಾರ್ಕೆಟ್ಟಿನ ದೊಡ್ಡ ಪ್ಯಾಕ್‌ನಲ್ಲೇ ಎಷ್ಟೋ ಸಲ ಅಗ್ಗ. ಕರೆಂಟಿನ ಸಾಮಾನಿನ ವಿಷಯಕ್ಕೆ ಬಂದರೆ, ಒಂದು ಚಾರ್ಜಿಂಗ್ ಕೇಬಲ್ ತಂದಿದ್ದೆ. ಯಾವ ಅಂಗಡಿಯದು ಅಂತ ಹೇಳುವುದಿಲ್ಲ. ಮೂರು ವಾರ ಬಾಳಿತು.

ಹಾಗಂತ ಹೋಗುವುದು ಬಿಡುತ್ತೇನಾ? ಇಲ್ಲ. ಯಾಕೆ ಅಂದರೆ ಈ ಸೌಟು. ಯಾರೋ ಒಬ್ಬರು ಕೂತು, ಸೌಟನ್ನು ಎಲ್ಲಿ ಇಡುವುದು ಅನ್ನುವ ಇಷ್ಟು ಸಣ್ಣ ತಲೆನೋವಿಗೆ ಇಷ್ಟೊಂದು ತಲೆ ಕೆಡಿಸಿಕೊಂಡಿದ್ದಾರೆ. ಪ್ಲಾಸ್ಟಿಕ್ಕಿಗಿಂತ ಆ ಯೋಚನೆಗೆ ನೂರು ಕೊಡಬಹುದು. ಸಾಸಿವೆ, ಜೀರಿಗೆ ಹಾಕಿಡಲು ಒಂದರ ಮೇಲೊಂದು ಅಲುಗಾಡದೆ ಕೂರುವ ಡಬ್ಬಿಗಳಿವೆ, ಕಪಾಟಿನ ಬಾಗಿಲು ತೆರೆದ ತಕ್ಷಣ ಏನೆಲ್ಲ ಇದೆ ಅಂತ ಕಾಣುತ್ತದೆ. ಅಂಥದ್ದು ಬೇಕಾದರೆ ಅಲ್ಲಿಗೇ ಹೋಗುತ್ತೇನೆ.

ನಮ್ಮಮ್ಮ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿದ್ದೆ. 'ಎಲ್ಲಾ ಒಂದೇ ರೇಟಾ?' ಅಂತ ಎರಡು ಸಲ ಕೇಳಿದರು. ಚೌಕಾಸಿ ಮಾಡುವ ಹಾಗಿಲ್ಲ ಅನ್ನುವುದೇ ಅವರಿಗೆ ಬೇಜಾರು. ಆಮೇಲೆ ಬಟ್ಟಲುಗಳ ಮುಂದೆ ನಿಂತು ಒಂದೊಂದನ್ನೇ ಕೈಯಲ್ಲಿ ಎತ್ತಿ ತೂಗಿ ನೋಡತೊಡಗಿದರು. ಅರ್ಧ ಗಂಟೆ. ಕೊನೆಗೆ ಎಲ್ಲಕ್ಕಿಂತ ಭಾರದ್ದು ಒಂದೇ ಒಂದು ಬಟ್ಟಲು ತಗೊಂಡರು. ಪಕ್ಕದಲ್ಲಿ ನನ್ನ ಬುಟ್ಟಿ ತುಂಬಿತ್ತು. ಅದರೊಳಗೆ ಕಣ್ಣು ಹಾಯಿಸಿ, 'ಇಷ್ಟರಲ್ಲಿ ನೀನು ಏನು ತಗೊಳ್ಳೋಕೆ ಬಂದಿದ್ದೆ?' ಅಂದರು.

ನನಗೆ ನೆನಪೇ ಆಗಲಿಲ್ಲ.